ಎರಡೂ ಕಿವಿ ಕಾಣಬೇಕು

ಬಿನ್ ಯೂಂಗ್
2 ಸೆಪ್ಟೆಂಬರ್ 2018

ಮಾವನಿಗೆ,

ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ನಿಮಗೆ ಕಿವಿ ಕೇಳಿಸುವುದಿಲ್ಲ. ಮೆಸೇಜ್ ಕಳಿಸಿದರೆ "ಗಾಜಿನ ಮೇಲೆ ಬೆರಳು ಉಜ್ಜೋಕೆ ನಾನೇನು ಕಿಟಕಿ ಒರೆಸೋನಾ?" ಅಂತೀರಂತೆ, ಅಮ್ಮ ಹೇಳಿದಳು. ಅದಕ್ಕೇ ಕಾಗದ ಬರೆದು ಸಾದೆಕ್ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ಜೊತೆಗೆ ಆರು ಫೋಟೊ ಇವೆ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು.

ನಾನು ಹೊಸ ಫೋನ್ ತಗೊಂಡೆ. ಷೂ ಕಾರ್ಖಾನೆಯಲ್ಲಿ ನನ್ನ ಕೆಲಸ ಎಡಗಾಲಿನ ಅಟ್ಟೆಗೆ ಗೋಂದು ಹಚ್ಚುವುದು. ಮೂರು ವರ್ಷವಾಯಿತು, ಬಲಗಾಲಿನದನ್ನು ಕಣ್ಣಲ್ಲಿ ಕಂಡಿಲ್ಲ. ಭಾನುವಾರ ಒಂದು ದಿನ ಫೋನ್ ಹಿಡಿದು ಅಲೆಯುತ್ತೇನೆ, ನನ್ನದು ಅನ್ನುವಂಥದ್ದು ಏನಾದರೂ ಸಿಗಲಿ ಅಂತ. ಆದರೆ ನಾನು ತೆಗೆದದ್ದಕ್ಕೂ ನನ್ನ ರೂಮಿನ ಗೆಳತಿ ಹೌ ತೆಗೆದದ್ದಕ್ಕೂ ವ್ಯತ್ಯಾಸವೇ ಇಲ್ಲ. ಅದೇ ನಗು, ಕೆನ್ನೆಯ ಪಕ್ಕ ಎತ್ತಿದ ಅದೇ ಎರಡು ಬೆರಳು, ಅದೇ ಹಾಲು ಚಹಾದ ಲೋಟ. ನೀವು ಮೂವತ್ತು ವರ್ಷ ಸ್ಟುಡಿಯೊ ನಡೆಸಿದವರು. ಸಾದೆಕ್ಕಿನ ಅರ್ಧ ಮನೆಗಳ ಪೂಜಾಪೀಠದ ಮೇಲೆ ಕೂತಿರುವ, ತೀರಿಹೋದ ಹಿರಿಯರ ಮುಖಗಳು ನಿಮ್ಮ ಕೈಯವೇ. ನನಗೂ ಕಲಿಸಿಕೊಡಿ ಮಾವ. ಬೈದರೂ ಪರವಾಗಿಲ್ಲ.

ನಿಮ್ಮ ಅಕ್ಕನ ಮಗಳು,
ಡಿಯೆಪ್


ಸಾದೆಕ್
11 ಸೆಪ್ಟೆಂಬರ್ 2018

ಡಿಯೆಪ್,

ಬೈದರೂ ಪರವಾಗಿಲ್ಲ ಎಂದು ನೀನೇ ಬರೆದುಕೊಟ್ಟಿದ್ದೀಯ, ಆಮೇಲೆ ಅಮ್ಮನ ಹತ್ತಿರ ದೂರು ಹೇಳಬೇಡ. ಆರೂ ಫೋಟೊಗಳ ಹಿಂದೆ ಕೆಂಪು ಪೆನ್ಸಿಲ್ಲಿನಲ್ಲಿ ಬರೆದು ವಾಪಸ್ ಕಳಿಸಿದ್ದೇನೆ.

ಮೊದಲು ಆ ಫೋನಿನ ಬೆನ್ನಿಗಿರುವ ಪುಟ್ಟ ಕಣ್ಣನ್ನು ಅಂಗಿಯ ಅಂಚಿನಿಂದ ಒರೆಸು. ಐದು ಚಿತ್ರಗಳಲ್ಲಿ ದೀಪಗಳಿಗೆಲ್ಲ ಮಂಜು ಕವಿದಿದೆ. ಅದು ಕಲೆಯಲ್ಲ ಮಾರಾಯ್ತಿ, ನಿನ್ನ ಕೈಯ ಗೋಂದು. ಎರಡು ಬೆರಳಿನಿಂದ ಹಿಗ್ಗಿಸುವ ಚಟ ಬಿಡು. ದೂರದ್ದು ಬೇಕೆಂದರೆ ನಡೆದು ಹೋಗು, ನಿನ್ನ ಅಪ್ಪ ಅಮ್ಮ ಕಾಲು ಕೊಟ್ಟಿಲ್ಲವೇ? ಇನ್ನೊಂದು ಮಾತು. ಆರನ್ನೂ ನೀನು ನೆಟ್ಟಗೆ ನಿಂತುಕೊಂಡೇ ತೆಗೆದಿದ್ದೀಯ. ನಿನ್ನ ಎತ್ತರದಿಂದ ಲೋಕ ಹೇಗೆ ಕಾಣುತ್ತದೆಂದು ನಿನಗೆ ಆಗಲೇ ಗೊತ್ತಲ್ಲ, ಅದನ್ನೇ ಯಾಕೆ ಮತ್ತೆ ತೆಗೆಯುತ್ತೀ? ಕೂರು, ಮಲಗು, ಕುರ್ಚಿ ಹತ್ತು.

ಇಪ್ಪತ್ತು ದಿನ ಒಂದೇ ಒಂದು ವಸ್ತುವನ್ನು ತೆಗೆ. ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತೀರಲ್ಲ, ಅದಾದರೂ ಆಗುತ್ತೆ. ದಿನಕ್ಕೆ ಒಂದೇ ಚಿತ್ರ. ಬೇಸರ ಬರುತ್ತದೆ. ಬೇಸರ ಬಂದಮೇಲೆಯೇ ಕಣ್ಣು ತೆರೆಯುವುದು.

ನಿಮ್ಮಮ್ಮ ಚೆನ್ನಾಗಿದ್ದಾಳೆ. ಹೊಸ ವರ್ಷದ ತೇತ್ ಹಬ್ಬಕ್ಕೆಂದು ಸೇವಂತಿಗೆ ಸಸಿ ಹಾಕಿದ್ದಾಳೆ. ಒಂದಿಷ್ಟು ಏದುಸಿರು ಬರುತ್ತೆ. ವಯಸ್ಸು, ಅಷ್ಟೆ.

ಮಾವ ವೀನ್


ಬಿನ್ ಯೂಂಗ್
7 ಅಕ್ಟೋಬರ್ 2018

ಮಾವ,

ಇಪ್ಪತ್ತು ದಿನದ ಇಪ್ಪತ್ತು ಚಪ್ಪಲಿ ಚಿತ್ರ ಕಳಿಸಿದ್ದೇನೆ. ಹೌ ನನ್ನನ್ನು ಆಡಿಕೊಂಡು ಸಾಕುಮಾಡಿದ್ದಾಳೆ. "ಏನೇ, ಕಾರ್ಖಾನೇಲಿ ಷೂ ಸಾಲದು ಅಂತ ಮನೇಲೂ ಪಾದರಕ್ಷೆ ಪೂಜೆ ಶುರು ಮಾಡಿದ್ಯಾ?" ಅಂದಳು. ಬೈಸಿಕೊಂಡು, ನೆಲದ ಮೇಲೆ ಕೆನ್ನೆ ಇಟ್ಟು ಮಲಗಿ ತೆಗೆದೆ.

ಎಂಟನೆಯ ದಿನ ನೀವು ಹೇಳಿದ ಬೇಸರ ಬಂತು, ಅಳುವಷ್ಟು. ಹನ್ನೊಂದನೆಯ ದಿನ ಗೊತ್ತಾಯಿತು, ಬೆಳಿಗ್ಗೆ ಆರೂ ಹತ್ತಕ್ಕೆ ವರಾಂಡದ ಸರಳುಗಳ ನೆರಳು ಸರಿಯಾಗಿ ಚಪ್ಪಲಿ ಮೇಲೆ ಬೀಳುತ್ತದೆ, ಆರೂ ಇಪ್ಪತ್ತಕ್ಕೆ ಇರುವುದಿಲ್ಲ. ಮೂರು ವರ್ಷ ಅದನ್ನು ತುಳಿದುಕೊಂಡೇ ಕೆಲಸಕ್ಕೆ ಓಡಿದ್ದೇನೆ! ಪರದೆಯ ಮೇಲೆ ಬೆಳಕಿರುವ ಕಡೆ ಬೆರಳಿಟ್ಟು ಕೆಳಕ್ಕೆ ಎಳೆದರೆ ಉಳಿದದ್ದೆಲ್ಲ ಕಪ್ಪಾಗುತ್ತದೆ, ಅಂಚು ಮಾತ್ರ ಹೊಳೆಯುತ್ತದೆ. ಅದು ಹದಿನಾಲ್ಕನೆಯದು. ಹದಿನೇಳನೆಯ ದಿನ ಮಳೆ ಬಂದು ಬಾಗಿಲಲ್ಲಿ ನೀರು ನಿಂತಿತ್ತು. ಫೋನನ್ನು ತಲೆಕೆಳಗು ಮಾಡಿದೆ, ಕಣ್ಣು ನೀರಿಗೆ ತಾಗುವಷ್ಟು ಹತ್ತಿರ ಬಂತು. ಅಂಗೈಯಗಲದ ನೀರಿನಲ್ಲಿ ಇಡೀ ವಠಾರ ಕಂಡಿತು ಮಾವ, ಹೌ ಹಲ್ಲುಜ್ಜುತ್ತಿರುವುದೂ ಸೇರಿ.

ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಗೋಂದು ಹಚ್ಚುವಾಗಲೂ ನಗುತ್ತಿದ್ದೆ. ಮೇಲ್ವಿಚಾರಕಿ ಮೈ ಹುಷಾರಿಲ್ಲವಾ ಎಂದು ಕೇಳಿದಳು.

ಡಿಯೆಪ್


ಸಾದೆಕ್
19 ಅಕ್ಟೋಬರ್ 2018

ಡಿಯೆಪ್,

ಹದಿನೇಳನೆಯದನ್ನು ವಾಪಸ್ ಕಳಿಸುತ್ತಿಲ್ಲ. ನನ್ನ ಹತ್ತಿರವೇ ಇರಲಿ. ಇದಕ್ಕಿಂತ ಹೆಚ್ಚು ಹೊಗಳುವುದು ನನಗೆ ಬರುವುದಿಲ್ಲ.

ಈಗ ಒಂದು ಕೆಲಸ. ಮುಂದಿನ ತಿಂಗಳು ತಾತನ ವರ್ಷಾಬ್ದಿಕಕ್ಕೆ ಬರುತ್ತೀಯಲ್ಲ, ಆಗ ನಿಮ್ಮಮ್ಮನ ಮುಖ ತೆಗೆ. ಅವಳಿಗೆ ಅರವತ್ತಮೂರು. ಈ ಬೀದಿಯಲ್ಲಿ ಅರವತ್ತು ದಾಟಿದವರೆಲ್ಲ ಪೀಠಕ್ಕೆಂದು ಒಂದು ಫೋಟೊ ತೆಗೆಸಿ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ನಿಮ್ಮಮ್ಮನದು ಅಂತ ಇರುವುದು ಗುರುತಿನ ಚೀಟಿಯ ಚಿತ್ರ ಒಂದೇ. ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಾಳೆ. ನಾನು ಕ್ಯಾಮೆರಾ ಎತ್ತಿದರೆ ಅವಳು ಎದ್ದು ಹೋಗುತ್ತಾಳೆ. ನಾಚಿಕೆ ಸ್ವಭಾವ. ನೀನು ಮಗಳು, ನಿನಗಾದರೆ ಬಿಟ್ಟುಕೊಡುತ್ತಾಳೆ.

ಮಾವ


ಬಿನ್ ಯೂಂಗ್
12 ನವೆಂಬರ್ 2018

ಮಾವ,

ಊರಲ್ಲಿ ನಿಮ್ಮ ಕೈಗೇ ಕೊಡಬಹುದಿತ್ತು, ಆದರೆ ನಿಮ್ಮ ಮುಖ ನೋಡುತ್ತಾ ನಿಲ್ಲುವ ಧೈರ್ಯವಾಗಲಿಲ್ಲ. ಅಮ್ಮನ ಒಂಬತ್ತು ಚಿತ್ರ ಇಲ್ಲಿವೆ. ಮಣ್ಣು ಮೆತ್ತಿದ ಬೆರಳುಗಳು. ನೀರಿನ ಮೇಲೆ ಕಟ್ಟಿದ ಅಟ್ಟಣಿಗೆಯ ಸಸಿಗಳಿಗೆ ದೋಣಿಯಲ್ಲಿ ನಿಂತು ನೀರು ಹಾಕುವಾಗಿನ ಬೆನ್ನು. ಕುಂಡಗಳ ಸಾಲಿನ ಮೇಲೆ ಬಿದ್ದ ಅವಳ ಟೋಪಿಯ ನೆರಳು. ಗಾಜಿನ ಲೋಟದ ಆಚೆ ಮಸುಕಾಗಿ ಕಾಣುವ ಅವಳ ಬಾಯಿ. ನೆರಳಿನದನ್ನು ನೋಡಿ, ಅದು ನನಗೆ ಬಲು ಇಷ್ಟ.

ಮುಖ ತೆಗೆಯಲು ಹೋದೆ. "ನನ್ನ ಮೋರೇಲಿ ಏನಿದೆಯೇ, ಹೂವಿದೆ ತೆಗಿ" ಎಂದು ಮುಸುಕಿನ ಹಾಗೆ ಟೋಪಿ ಎಳೆದುಕೊಂಡಳು. ಒತ್ತಾಯ ಮಾಡಲಿಲ್ಲ. ಮುಖವಿಲ್ಲದಿದ್ದರೂ ಇವೆಲ್ಲ ಅಮ್ಮನೇ ಅಲ್ಲವಾ?

ಡಿಯೆಪ್


ಸಾದೆಕ್
20 ನವೆಂಬರ್ 2018

ಡಿಯೆಪ್,

ಒಂಬತ್ತೂ ಚೆನ್ನಾಗಿವೆ. ಒಂದೂ ಪ್ರಯೋಜನಕ್ಕಿಲ್ಲ.

ನೆರಳಿಗೆ ಊದುಬತ್ತಿ ಹಚ್ಚಲಾಗುತ್ತದೆಯೇ? ಬೆನ್ನಿಗೆ ಅನ್ನ ಇಡುತ್ತಾರೆಯೇ? ನನಗೆ ಮುಖ ಬೇಕು. ನೇರ ನೋಡುತ್ತಿರಬೇಕು, ಎರಡೂ ಕಿವಿ ಕಾಣಬೇಕು, ಕಣ್ಣಲ್ಲಿ ಬೆಳಕಿರಬೇಕು. ಹಲ್ಲು ಬೇಡ. ತೇತ್ ಹಬ್ಬದೊಳಗೆ ಬೇಕು.

ಮಾವ


ಬಿನ್ ಯೂಂಗ್
3 ಡಿಸೆಂಬರ್ 2018

ಮಾವ,

ನಗು ಬಂತು, ಸಿಟ್ಟೂ ಬಂತು. ಮೂರು ತಿಂಗಳು ಕಣ್ಣು ತೆರೆ, ಬಗ್ಗು, ಮಲಗು ಎಂದು ಕಲಿಸಿದಿರಿ. ಈಗ ಕಲಿತದ್ದನ್ನೆಲ್ಲ ಮೂಲೆಗಿಟ್ಟು ಪೊಲೀಸ್ ಠಾಣೆಯ ಫೋಟೊ ತೆಗೆ ಅಂತೀರಿ. ಎರಡು ಕಿವಿ ತೆಗೆಯಲು ನಾನೇಕೆ ಬೇಕು? ಅಮ್ಮ ಏನು ಇವತ್ತೇ ಎದ್ದು ಹೊರಟಿದ್ದಾಳೆಯೇ? ಇನ್ನೂ ಇಪ್ಪತ್ತು ವರ್ಷ ನಮ್ಮಿಬ್ಬರನ್ನೂ ಬೈದುಕೊಂಡು ಇರುತ್ತಾಳೆ. ಸಾವಧಾನವಾಗಿ ತೆಗೆಯುತ್ತೇನೆ ಬಿಡಿ.

ಡಿಯೆಪ್


ಸಾದೆಕ್
9 ಡಿಸೆಂಬರ್ 2018

ಹೇಳಿದಷ್ಟು ಮಾಡು. ಎದುರು ಮಾತು ಬೇಡ.

ವೀನ್


ಬಿನ್ ಯೂಂಗ್
12 ಫೆಬ್ರವರಿ 2019

ಮಾವ,

ಹಬ್ಬದ ಮೂರನೆಯ ದಿನ ನಾನು ಮಾಡಿದ ತಪ್ಪೇನು, ಹೇಳಿ. ಅಮ್ಮ ಊಟದ ಮುಂದಿನಿಂದ ಎದ್ದು ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ನೀವು ಕೈಯಲ್ಲಿದ್ದ ಹಂದಿಮಾಂಸದ ತುಂಡನ್ನು ಬಟ್ಟಲಿಗೇ ಹಾಕಿ ಹೊರಟುಹೋದಿರಿ. ನಾನು ಬಸ್ಸು ಹತ್ತುವವರೆಗೂ ಇಬ್ಬರೂ ನನ್ನೊಡನೆ ಮಾತಾಡಲಿಲ್ಲ.

ನೀವು ಕೇಳಿದ್ದನ್ನೇ ತೆಗೆದಿದ್ದೆನಲ್ಲ! ಹಬ್ಬದ ಮುನ್ನಾದಿನ ಬೆಳಿಗ್ಗೆ ಅಮ್ಮ ನಿಮ್ಮ ಮುಚ್ಚಿದ ಸ್ಟುಡಿಯೊದ ಗಾಜಿನ ಬಾಗಿಲ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಅವಳ ಬಲಕ್ಕೆ ನೀವು ಚಹಾದ ಕೆಟಲ್ ಹಿಡಿದು ನಿಂತಿದ್ದಿರಿ. ನಾನು ಹೂಕುಂಡ ತೆಗೆಯುತ್ತಿದ್ದೇನೆ ಎಂದುಕೊಂಡು ಅಮ್ಮ ತಲೆ ಎತ್ತಿದಳು. ಎರಡೂ ಕಿವಿ, ಕಣ್ಣಲ್ಲಿ ಬೆಳಕು, ಹಲ್ಲಿಲ್ಲ. ಜೊತೆಗೆ ನನ್ನದೊಂದು ಜಾಣತನ ಸೇರಿಸಿದೆ. ಅವಳ ಎಡಕ್ಕೆ ಗಾಜಿನಲ್ಲಿ ಫೋನ್ ಹಿಡಿದ ನನ್ನ ಪ್ರತಿಬಿಂಬ ಬರುವ ಹಾಗೆ ಒಂದು ಹೆಜ್ಜೆ ಸರಿದು ತೆಗೆದೆ. ಚಿತ್ರ ತೆಗೆಯುವವಳೂ ಚಿತ್ರದಲ್ಲಿ ಇರಬೇಕೆಂಬ ಆಸೆ. ನನ್ನ ಈವರೆಗಿನ ಚಿತ್ರಗಳಲ್ಲಿ ಅದೇ ಒಳ್ಳೆಯದು, ಈಗಲೂ ಹೇಳುತ್ತೇನೆ.

ಕಟ್ಟು ಹಾಕಿಸಿ ಅಮ್ಮನ ಕೈಗೆ ಕೊಟ್ಟೆ. ಅವಳು ಗಾಜಿನ ಮೇಲೆ ಬೆರಳಿಟ್ಟು ಎಣಿಸಿದಳು, ಒಂದು, ಎರಡು, ಮೂರು. ಮತ್ತೆ ನಡುವಿನದಕ್ಕೆ ಬಂದು ಬೆರಳು ನಿಂತಿತು. ಮೂವರು ಒಟ್ಟಿಗೆ ಫೋಟೊಗೆ ನಿಂತರೆ ನಡುವಿನವರಿಗೆ ಕೇಡು ಅನ್ನುವ ಮಾತು ನನಗೂ ಗೊತ್ತು ಮಾವ, ನಾನೇನು ಪರದೇಶದಿಂದ ಬಂದವಳಲ್ಲ. ಆದರೆ ಗಾಜಿನಲ್ಲಿರುವ ನೆರಳನ್ನೂ ಎಣಿಸುತ್ತಾರಾ? ಅಮ್ಮ ಬಿಡಿ. ನೀವೂ ಹಾಗೆ ಎದ್ದು ಹೋಗುವುದಾ?

ಡಿಯೆಪ್


ಸಾದೆಕ್
20 ಫೆಬ್ರವರಿ 2019

ಮಗಳೇ,

ನಿನ್ನ ತಪ್ಪಿಲ್ಲ. ನಿಮ್ಮಮ್ಮ ನಾಚಿಕೆಯವಳು ಎಂದು ನಾನು ಬರೆದದ್ದೇ ಸುಳ್ಳು.

1983ರ ತೇತ್ ಹಬ್ಬ. ನನಗೆ ಇಪ್ಪತ್ತನಾಲ್ಕು. ಒಂದು ಹಳೆಯ ರಷ್ಯನ್ ಕ್ಯಾಮೆರಾ ಸಿಕ್ಕಿತ್ತು, ರೀಲಿನಲ್ಲಿ ಒಂದೇ ಚಿತ್ರಕ್ಕೆ ಜಾಗ ಉಳಿದಿತ್ತು. ನಾನು, ನಿಮ್ಮಮ್ಮ, ನಮ್ಮ ಕಿರಿಯವಳು ಲೂವಾ, ಮೂವರೂ ನಿಲ್ಲೋಣ ಎಂದೆ. ನನ್ನ ತಾಯಿ ಬಾಗಿಲಿಂದಲೇ ಕೂಗಿಕೊಂಡರು, "ಮೂರು ಜನ ಬೇಡ ಕಣೋ, ಪಕ್ಕದ ಮನೆಯವರ್ನ ಯಾರನ್ನಾದ್ರೂ ಕರ್ಕೊ." ನಾನು ದೊಡ್ಡದಾಗಿ ನಕ್ಕೆ. "ಇದು ವಿಜ್ಞಾನದ ಕಾಲ ಅಮ್ಮ!" ಕ್ಯಾಮೆರಾ ತಾನೇ ಕ್ಲಿಕ್ಕಾಗುವ ಹಾಗೆ ಗುಂಡಿ ಒತ್ತಿ ಓಡಿ ಬಂದು ನಿಂತೆ. ಲೂವಾ ನಡುವೆ ಇದ್ದಳು. ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ನಾಲ್ಕೇ ದಿನ. ಹತ್ತೊಂಬತ್ತು ವರ್ಷ ಅವಳಿಗೆ.

ಅವಳದು ಬೇರೆ ಚಿತ್ರ ಇರಲಿಲ್ಲ. ಅದನ್ನೇ ಕತ್ತರಿಸಿ, ನನ್ನನ್ನೂ ನಿಮ್ಮಮ್ಮನನ್ನೂ ತೆಗೆದುಹಾಕಿ, ಅವಳನ್ನು ಪೀಠದ ಮೇಲೆ ಇಟ್ಟೆ. ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಚಿಕ್ಕಮ್ಮನ ತೋಳಿನ ಮೇಲೆ ಇರುವ ಆ ಮೂರು ಬೆರಳು ಯಾರದು ಅಂತ. ನಿಮ್ಮಮ್ಮನದು. ಪ್ರೀತಿಯಿಂದ ಹಿಡಿದುಕೊಂಡಿದ್ದಳು, ಅಷ್ಟನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಅಂದಿನಿಂದ ನಿಮ್ಮಮ್ಮ ನನ್ನ ಕ್ಯಾಮೆರಾ ಎದುರು ನಿಂತಿಲ್ಲ. ಬಾಯಿಬಿಟ್ಟು ಒಂದು ಮಾತೂ ಅಂದಿಲ್ಲ, ಬಟ್ಟಲಿಗೆ ಅನ್ನ ಹಾಕುವುದನ್ನೂ ತಪ್ಪಿಸಿಲ್ಲ. ಆದರೆ ತಂಗಿಯನ್ನು ಕೊಂದವನು ಎಂದು ನನ್ನನ್ನು ನೋಡುತ್ತಾಳೆ, ಮೂವತ್ತಾರು ವರ್ಷದಿಂದ. ಆಮೇಲೆ ನಾನು ವಿಜ್ಞಾನ ಬಿಟ್ಟೆ. ಸ್ಟುಡಿಯೊಗೆ ಮೂವರು ಬಂದರೆ ಒಂದು ಗೊಂಬೆಯನ್ನು ಅವರ ಕೈಗೆ ಕೊಟ್ಟು ನಾಲ್ಕು ಮಾಡುತ್ತಿದ್ದೆ. ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ. ಹೆದರಿದ್ದಂತೂ ನಿಜ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಹೇಳಬಾರದೆಂದು ಅವಳದೇ ಆಣೆ. ನಿಮ್ಮಮ್ಮನ ಹೃದಯದ ಕವಾಟ ಕೆಟ್ಟಿದೆ. ಮಾರ್ಚ್ ಹದಿನೈದಕ್ಕೆ ಸೈಗಾನಿನಲ್ಲಿ ಆಪರೇಷನ್. ಡಾಕ್ಟರು ಹೆದರಬೇಡಿ ಎಂದರು, ಆದರೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಅವಳಿಗೆ ಏನಾದರೂ ಆಗಿ ಪೀಠದ ಮೇಲೆ ಮುಖವೇ ಇಲ್ಲದ ಹಾಗಾದರೆ ಏನು ಗತಿ? ಅದಕ್ಕೇ ನಿನ್ನನ್ನು ಪೀಡಿಸಿದೆ.

ವೀನ್ ಮಾವ


ಸೈಗಾನ್, ಆಸ್ಪತ್ರೆ
12 ಮಾರ್ಚ್ 2019

ಮಾವ,

ನಿಮ್ಮ ಕಾಗದ ಓದಿ ಸಿಟ್ಟಿಗೆ ಎಷ್ಟು ದಿನ ಉತ್ತರ ಬರೆಯಲಿಲ್ಲ, ನಿಮಗೇ ಗೊತ್ತು. ನೆರಳು, ಬೆನ್ನು ಎಂದು ನಾನು ಆಟವಾಡುತ್ತಿದ್ದಾಗ ನೀವಿಬ್ಬರೂ ಆಪರೇಷನ್ ದಿನ ಗೊತ್ತುಮಾಡಿಕೊಂಡು ಕೂತಿದ್ದಿರಿ. ಇದನ್ನು ನಾನು ಬೇಗ ಮರೆಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ರಜೆ ಹಾಕಿ ಬಂದಿದ್ದೇನೆ. "ಅವನು ಬರೋದು ಬೇಡ, ಸಸಿ ನೋಡ್ಕೊಳ್ಲಿ" ಎಂದು ಅಮ್ಮ ನಿಮ್ಮನ್ನು ಊರಲ್ಲೇ ಬಿಟ್ಟು ಬಂದಳಲ್ಲ, ಅದನ್ನೂ ನೀವು ಅವಳ ಸಿಟ್ಟಿನ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತೀರಿ.

ಇವತ್ತು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತಾ ಕೇಳಿಯೇ ಬಿಟ್ಟೆ. "ಚಿಕ್ಕಮ್ಮನ್ನ ಮಾವ ಸಾಯಿಸಿದ್ರು ಅಂತ ಅಂದ್ಕೊಂಡಿದ್ದೀಯಾ?"

ಅಮ್ಮ ನನ್ನನ್ನೇ ನೋಡಿದಳು. "ಯಾರು ಹಂಗಂದಿದ್ದು?"

"ಮಾವನೇ ಬರೆದಿದ್ದಾರೆ."

"ಅಯ್ಯೋ ದಡ್ಡ!" ಎಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಅವನು ನಡುವೆ ನಿಲ್ಲಿಸಿದ್ದು ನನ್ನ ಕಣೇ. ದೊಡ್ಡವಳು ನೀನು, ನಡುವೆ ನಿಂತ್ಕೊ ಅಂತ. ಗುಂಡಿ ಒತ್ತೋಕೆ ಅವನು ಆ ಕಡೆ ತಿರುಗಿದ್ದ. ಅಮ್ಮ ಕೂಗಿದ್ದು ನನಗೆ ಎದೇಲಿ ಕೂತಿತ್ತು. ಲೂವಾನ ತೋಳು ಹಿಡಿದು ನನ್ನ ಜಾಗಕ್ಕೆ ಎಳೆದೆ. ಅವಳು ನಗ್ತಾ ಬಂದು ನಿಂತ್ಲು, ನಡುವೆ ನಿಲ್ಲೋದು ದೊಡ್ಡಸ್ತಿಕೆ ಅಂತ ಅವಳಿಗೆ. ಆ ಬೆರಳು ಹಿಡ್ಕೊಂಡಿದ್ದಲ್ಲ, ಎಳೀತಿದ್ದಿದ್ದು. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ನೋಡ್ತೀನಿ. ವೀನ್ ಮುಖ ನೋಡಿಯೇ ಮನುಷ್ಯರನ್ನ ಅಳೆಯೋನು. ಅವನ ಕ್ಯಾಮೆರಾ ಮುಂದೆ ಹೋದ್ರೆ ಒಂದೇ ಸಲಕ್ಕೆ ಗೊತ್ತಾಗಿಬಿಡುತ್ತೆ ಅಂತ ಹೆದರ್ಕೊಂಡು ಇಷ್ಟು ವರ್ಷ ಓಡಾಡಿದೆ."

ಮಾವ, ಮೂವತ್ತಾರು ವರ್ಷ ಒಂದೇ ಮನೆಯಲ್ಲಿ ಉಂಡು, ಅವಳು ದೂಷಿಸುತ್ತಾಳೆ ಎಂದು ನೀವು, ನೀವು ಕಂಡುಹಿಡಿಯುತ್ತೀರಿ ಎಂದು ಅವಳು! ನಿಮ್ಮಿಬ್ಬರಿಗೂ ಏನು ಹೇಳಲಿ ನಾನು? ನನಗೆ ಅಳು ಬಂತು. ಅಮ್ಮ ಅಳಲಿಲ್ಲ. ಗಂಜಿ ಮುಗಿಸಿ ಬಾಯಿ ಒರೆಸಿಕೊಂಡು ಹೇಳಿದಳು, "ಅವನಿಗೆ ಬಾ ಅಂತ ಬರಿ. ಮೂರು ಜನ ನಿಂತು ಒಂದು ಫೋಟೊ ತೆಗೆಸ್ಕೊಳ್ಳೋಣ. ನಡುವೆ ನಾನು ನಿಲ್ತೀನಿ. ಗೊಂಬೆ ಗಿಂಬೆ ತಂದರೆ ಕಿಟಕಿಯಿಂದ ಆಚೆ ಎಸೀತೀನಿ ಅಂತಾನೂ ಬರಿ."

ಸಂಜೆಯ ಬಸ್ಸಿಗೆ ಇದನ್ನು ಕೊಡುತ್ತಿದ್ದೇನೆ. ಬೆಳಗಿನ ಬಸ್ಸಿಗೆ ನೀವು ಹೊರಡಿ. ಸಸಿಗಳಿಗೆ ಪಕ್ಕದವರು ನೀರು ಹಾಕುತ್ತಾರೆ.

ಡಿಯೆಪ್


ಸಾದೆಕ್
14 ಏಪ್ರಿಲ್ 2019

ಮಗಳೇ,

ನೀನು ಕಾರ್ಖಾನೆಗೆ ವಾಪಸ್ ಹೋದಮೇಲೆ ನಿಮ್ಮಮ್ಮ ದಿನಕ್ಕೆ ಇಪ್ಪತ್ತು ಹೆಜ್ಜೆ ಹೆಚ್ಚು ನಡೆಯುತ್ತಿದ್ದಾಳೆ. ಬೈಗುಳ ಮೊದಲಿನಷ್ಟೇ ಇದೆ, ಉಸಿರು ಮಾತ್ರ ಈಗ ಸಾಲುತ್ತಿದೆ. ಡಾಕ್ಟರು ಇನ್ನು ಭಯವಿಲ್ಲ ಎಂದರು, ಈ ಸಲ ನನ್ನ ಮುಖ ನೋಡಿಯೇ ಹೇಳಿದರು.

ಅಂದು ಆಸ್ಪತ್ರೆಯಲ್ಲಿ ನಿನ್ನೆದುರು ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ನೀನು ಫೋನನ್ನು ಬಿಸಿನೀರಿನ ಫ್ಲಾಸ್ಕಿಗೆ ಒರಗಿಸಿ, ತಾನೇ ಕ್ಲಿಕ್ಕಾಗುವ ಹಾಗೆ ಹತ್ತು ಸೆಕೆಂಡು ಇಟ್ಟು ಓಡಿ ಬಂದೆಯಲ್ಲ, ಆ ಹತ್ತು ಸೆಕೆಂಡೂ ನಾನು ನಡುವಿನ ಜಾಗವನ್ನೇ ನೋಡುತ್ತಿದ್ದೆ. ಮರುದಿನವೇ ಆಪರೇಷನ್. ಅಕ್ಕನನ್ನು ಪಕ್ಕಕ್ಕೆ ತಳ್ಳಿ ನಾನೇ ನಡುವೆ ನುಗ್ಗೋಣ ಅನ್ನಿಸಿತು. ಅವಳಿಗೆ ಹೇಗೋ ಗೊತ್ತಾಯಿತು. ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದು, "ಅಲ್ಲಾಡಿದ್ರೆ ನೋಡು" ಎಂದಳು.

ಮೊನ್ನೆ ಪ್ರಿಂಟ್ ಹಾಕಿಸಿದೆ. ಚಿತ್ರ ಸ್ವಲ್ಪ ವಾಲಿದೆ. ನಿನ್ನ ಕೂದಲು ಹಾರಿ ಅರ್ಧ ಮುಖ ಮುಚ್ಚಿದೆ. ಸಾವಿರಾರು ಜನಕ್ಕೆ ಕಣ್ಣು ಮಿಟುಕಿಸಬೇಡಿ ಎಂದು ಹೇಳಿದ ನಾನು ಹೆದರಿ ಎರಡೂ ಕಣ್ಣು ಮುಚ್ಚಿಕೊಂಡಿದ್ದೇನೆ. ನಿಮ್ಮಮ್ಮ ಮಾತ್ರ ನೆಟ್ಟಗೆ ನೋಡುತ್ತಿದ್ದಾಳೆ. ಅಂಥ ಮುಖ ಮೂವತ್ತು ವರ್ಷದಲ್ಲಿ ನನ್ನ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ.

ನಿನ್ನೆ ಕತ್ತರಿ ತಗೊಂಡು ಅವಳ ಹತ್ತಿರ ಹೋದೆ. "ನಡುವಿನದಷ್ಟು ಕತ್ತರಿಸಿ ದೊಡ್ಡದು ಮಾಡ್ಸಿ ಇಟ್ಕೋತೀನಿ ಅಕ್ಕ. ಮುಂದೆ ಪೀಠಕ್ಕೆ ಆಗುತ್ತೆ."

"ಲೂವಾನ ಹಂಗೇ ಕತ್ತರಿಸಿದ್ದಲ್ಲವೇನೋ? ನನ್ನ ಕತ್ತರಿಸಬೇಡ. ಮೂವರೂ ಹಂಗೇ ಇರ್ಲಿ."

"ಹಂಗೇ ಇದ್ರೆ ಪೀಠದ ಮೇಲೆ ಇಡೋಕಾಗಲ್ಲ. ಬದುಕಿರೋರ ಮುಖ ಅಲ್ಲಿ ಇಡಬಾರ್ದು ಅಂತ ನಿನಗೆ ಗೊತ್ತಿಲ್ವಾ? ನಾನಿದ್ದೀನಿ, ಡಿಯೆಪ್ ಇದ್ದಾಳೆ."

ನಿಮ್ಮಮ್ಮ ಚಿತ್ರವನ್ನು ನನ್ನ ಕೈಯಿಂದ ತಗೊಂಡು, ನಿನ್ನ ಮುಖವನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿದಳು.

"ಹಂಗಾದ್ರೆ ನೀವಿಬ್ರೂ ಇರೋವರೆಗೂ ನಾನು ಅಲ್ಲಿಗೆ ಹತ್ತೋ ಹಂಗಿಲ್ಲ. ಇಲ್ಲೇ ಇರ್ತೀನಿ ಬಿಡು" ಎಂದಳು.

ನಾನು ಕತ್ತರಿಯನ್ನು ಒಳಗಿಟ್ಟೆ.

ವೀನ್ ಮಾವ